ಇಂಗ್ಲಿಷಿನ ‘ಶಾಲ್’: ಅರ್ಥ ಮತ್ತು ಪ್ರಯೋಗ

ಕೆಲವು ವರ್ಷಗಳ ಹಿಂದೆ ನಾವು ವಯನಾಡಿನ ಕೇಣಿಚಿರದಲ್ಲಿ ಇದ್ದೆವು. ಬೀನಾಚಿಯಿಂದ ಪನಮರಕ್ಕೆ ಹೋಗುವ ದಾರಿಯಲ್ಲಿರುವ ಸಣ್ಣ ಪೇಟೆ ಅದು. ಸುತ್ತಲೂ ಕಾಫಿ, ಕರಿಮೆಣಸು, ತಗ್ಗಿನಲ್ಲಿ ಗದ್ದೆ. ಊರ ಹೆಸರಿನ ಕೊನೆಯ ‘ಚಿರ’ ನಮ್ಮ ‘ಕೆರೆ’ಯೇ. ನಮ್ಮ ‘ಕಿವಿ’ಗೆ ಮಲೆಯಾಳದಲ್ಲಿ ‘ಚೆವಿ’ ಇರುವಂತೆ ‘ಕೆರೆ’ಗೆ ಅಲ್ಲಿ ‘ಚಿರ’.

ಅಲ್ಲಿ ಒಂದು ಸಂಜೆ ನೆರೆಮನೆಯ ರೈತರೊಬ್ಬರು ಒಂದು ಕಾಗದ ಹಿಡಿದುಕೊಂಡು ಬಂದರು. ಅವರ ಮನೆಮಾತು ಕನ್ನಡ. ಮಕ್ಕಳ ಓದು ಮಲೆಯಾಳದಲ್ಲಿ. ಭಾರತ ಸಂವಿಧಾನದ 350ಎ ವಿಧಿಯನ್ನು ಯಾರೋ ಅವರಿಗೆ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು. ಅದರಲ್ಲಿನ ‘ಶಾಲ್’ ಎಂಬ ಪದದ ಮೇಲೆ ಬೆರಳಿಟ್ಟು ಅವರು ಕೇಳಿದರು: “ಮಾಷ್ಟ್ರೇ, ಇದರ ಅರ್ಥ ಕೊಡ್ತಾರೆ ಅಂತಲೋ, ಕೊಡಲೇಬೇಕು ಅಂತಲೋ?”

ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ‘ಶಾಲ್ ಎಂದರೆ ಭವಿಷ್ಯತ್ಕಾಲ’ ಎಂದು ಕಲಿಸಿ ಮುಂದೆ ಸಾಗಿದ್ದೆವೇ ಹೊರತು ಅದರ ಒಳಹೊಕ್ಕು ನೋಡಿರಲಿಲ್ಲ. ಅಂದು ಪುಸ್ತಕ ತೆರೆದು ಕಲಿತುದನ್ನು ವಿದ್ಯಾರ್ಥಿ ಮಿತ್ರರ ಮುಂದೆ ಇಡುತ್ತಿದ್ದೇವೆ.

1. ಮೂಲಾರ್ಥ

‘ಶಾಲ್’ ಒಂದು ಸಹಾಯಕ ಕ್ರಿಯಾಪದ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಸಲ್ಲಿಸಬೇಕಾಗಿದೆ, ಋಣವಿದೆ’ ಎಂಬ ಅರ್ಥವಿತ್ತು. ಅದರ ಜೊತೆಗಾರ ‘ವಿಲ್’ ಎಂಬುದಕ್ಕೆ ‘ಬಯಸು’ ಎಂಬ ಅರ್ಥ. ಒಂದು ಸಾಲದ ಮಾತು, ಇನ್ನೊಂದು ಮನಸ್ಸಿನ ಮಾತು. ಮುಂದೆ ಎರಡೂ ಭವಿಷ್ಯತ್ಕಾಲವನ್ನು ಸೂಚಿಸತೊಡಗಿದರೂ ಹುಟ್ಟುಗುಣ ಪೂರ್ತಿ ಹೋಗಲಿಲ್ಲ. ‘ಶುಡ್’ ಎಂಬುದು ಶಾಲ್ ಪದದ ಭೂತಕಾಲದ ರೂಪ. ‘ಯು ಶುಡ್ ಗೋ’ ಎಂದರೆ ‘ನೀನು ಹೋಗಬೇಕು’. ಋಣದ ವಾಸನೆ ಅಲ್ಲಿ ಈಗಲೂ ಇದೆ.

2. ಭವಿಷ್ಯತ್ಕಾಲದಲ್ಲಿ

ಹಳೆಯ ವ್ಯಾಕರಣಗಳ ನಿಯಮ ಹೀಗಿದೆ: ಉತ್ತಮ ಪುರುಷದಲ್ಲಿ ‘ಶಾಲ್’, ಮಧ್ಯಮ ಮತ್ತು ಪ್ರಥಮ ಪುರುಷಗಳಲ್ಲಿ ‘ವಿಲ್’.

ಐ ಶಾಲ್ ಗೋ ಟುಮಾರೊ – ನಾನು ನಾಳೆ ಹೋಗುವೆನು.
ಹಿ ವಿಲ್ ಗೋ ಟುಮಾರೊ – ಅವನು ನಾಳೆ ಹೋಗುವನು.

ಇವನ್ನು ಅದಲುಬದಲು ಮಾಡಿದರೆ ಅರ್ಥ ಬೇರೆಯಾಗುತ್ತದೆ. ‘ಐ ವಿಲ್ ಗೋ’ ಎಂದರೆ ‘ಹೋಗಿಯೇ ಹೋಗುತ್ತೇನೆ’ ಎಂಬ ಸಂಕಲ್ಪ. ‘ಹಿ ಶಾಲ್ ಗೋ’ ಎಂದರೆ ‘ಅವನು ಹೋಗತಕ್ಕದ್ದು’ ಎಂಬ ಆಜ್ಞೆ, ಇಲ್ಲವೇ ‘ಅವನು ಹೋಗುವಂತೆ ನಾನು ಮಾಡುತ್ತೇನೆ’ ಎಂಬ ಮಾತುಕೊಡುವಿಕೆ. 1653ರಲ್ಲಿ ಜಾನ್ ವಾಲಿಸ್ ಎಂಬ ಗಣಿತಜ್ಞರು ಲ್ಯಾಟಿನ್‌ನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿಯೇ ಈ ಭೇದವನ್ನು ಹೇಳಿದ್ದಾರೆ. ನಮ್ಮ ಶಾಲೆಗಳಿಗೆ ಅದು ಹೆಚ್ಚಾಗಿ ಬಂದುದು ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕದ ಮೂಲಕ.

ಇದರ ಬಗ್ಗೆ ಒಂದು ಹಳೆಯ ನಗೆಮಾತಿದೆ. ನೀರಿಗೆ ಬಿದ್ದ ಪರದೇಶಿಯೊಬ್ಬ ‘ಐ ವಿಲ್ ಡ್ರೌನ್, ನೋಬಡಿ ಶಾಲ್ ಸೇವ್ ಮಿ!’ ಎಂದು ಕೂಗಿದನಂತೆ. ಅವನ ಮನಸ್ಸಿನಲ್ಲಿದ್ದುದು ‘ಮುಳುಗುತ್ತೇನೆ, ಕಾಪಾಡುವವರೇ ಇಲ್ಲ’ ಎಂಬ ಗೋಳು. ವ್ಯಾಕರಣದ ಪ್ರಕಾರ ಆದ ಅರ್ಥವೋ, ‘ಮುಳುಗಿಯೇ ತೀರುತ್ತೇನೆ, ಯಾರೂ ನನ್ನನ್ನು ಕಾಪಾಡಕೂಡದು!’ ದಡದಲ್ಲಿದ್ದ ಸಜ್ಜನರು ಅವನ ಅಪ್ಪಣೆಯನ್ನು ಪಾಲಿಸಿದರಂತೆ.

ಈಗಿನ ಇಂಗ್ಲಿಷಿನಲ್ಲಿ ಈ ಕಟ್ಟುನಿಟ್ಟು ಸಡಿಲಿದೆ. ಮೂರು ಪುರುಷಗಳಲ್ಲಿಯೂ ‘ವಿಲ್’ ಬಳಸುವುದೇ ರೂಢಿ. ‘ಐ ವಿಲ್ ಗೋ’ ಎಂದರೆ ಯಾರೂ ತಪ್ಪೆನ್ನರು.

3. ಪ್ರಶ್ನೆಯಲ್ಲಿ

ಆದರೆ ಇಲ್ಲಿ ‘ಶಾಲ್’ ತನ್ನ ಜಾಗ ಬಿಟ್ಟುಕೊಟ್ಟಿಲ್ಲ. ಕನ್ನಡದ ‘-ಅಲೇ’, ‘-ಓಣವೇ’ ಇರುವ ಕಡೆ ಇಂಗ್ಲಿಷಿನಲ್ಲಿ ‘ಶಾಲ್’ ಹಾಕಿದರೆ ಸಾಮಾನ್ಯವಾಗಿ ತಪ್ಪಾಗದು.

ಶಾಲ್ ಐ ಓಪನ್ ದ ವಿಂಡೊ? – ಕಿಟಕಿ ತೆರೆಯಲೇ?
ಶಾಲ್ ವಿ ಗೋ? – ಹೋಗೋಣವೇ?

ಇಲ್ಲಿ ಕೇಳುವವನು ಎದುರಿನವರ ಇಚ್ಛೆಯನ್ನು ತಿಳಿಯಬಯಸುತ್ತಾನೆ. ‘ವಿಲ್ ಐ ಓಪನ್ ದ ವಿಂಡೊ?’ ಎಂದರೆ ‘ನಾನು ಕಿಟಕಿ ತೆರೆಯುತ್ತೇನೆಯೇ?’ ಎಂದು ತನ್ನ ಸಂಗತಿಯನ್ನು ಇನ್ನೊಬ್ಬರಲ್ಲಿ ವಿಚಾರಿಸಿದಂತಾಗುತ್ತದೆ.

4. ಕಾನೂನಿನಲ್ಲಿ

ಶಾಲ್ ಪದದ ನಿಜವಾದ ಮನೆ ಇದು. ಕಾನೂನಿನ ಕನ್ನಡದಲ್ಲಿ ಅದಕ್ಕೆ ‘ತಕ್ಕದ್ದು’ ಎಂಬ ಒಳ್ಳೆಯ ಪದವಿದೆ. ‘ಶಾಲ್ ಪೇ’ ಎಂದರೆ ‘ಸಂದಾಯ ಮಾಡತಕ್ಕದ್ದು’. ‘ಶಾಲ್ ನಾಟ್ ಎಂಟರ್’ ಎಂದರೆ ‘ಪ್ರವೇಶಿಸತಕ್ಕದ್ದಲ್ಲ’. ‘ಮೇ’ ಎಂದಿದ್ದರೆ ‘ಬಹುದು’. ಮಾಡುವುದೂ ಬಿಡುವುದೂ ಅಧಿಕಾರಿಯ ವಿವೇಚನೆಗೆ ಸೇರಿದ್ದು.

ಹಾಗೆಂದು ‘ಶಾಲ್’ ಕಂಡಲ್ಲೆಲ್ಲ ಅದು ಕಡ್ಡಾಯವೇ ಎನ್ನುವಂತಿಲ್ಲ. ಸಂವಿಧಾನದ 320ನೆಯ ವಿಧಿಯಂತೆ ಸರಕಾರಿ ನೌಕರರ ಶಿಸ್ತಿನ ವಿಷಯಗಳಲ್ಲಿ ಲೋಕಸೇವಾ ಆಯೋಗದ ಸಲಹೆ ಕೇಳತಕ್ಕದ್ದು. ಅಲ್ಲಿ ಇರುವುದು ‘ಶಾಲ್’ ಎಂಬ ಪದವೇ. ಆದರೂ ಸಲಹೆ ಕೇಳಲಿಲ್ಲವೆಂಬ ಒಂದೇ ಕಾರಣಕ್ಕೆ ಸರಕಾರದ ಕ್ರಮ ಅಸಿಂಧುವಾಗದೆಂದು 1957ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಪದದ ಜೊತೆಗೆ ವಾಕ್ಯದ ಉದ್ದೇಶವನ್ನೂ ನೋಡಬೇಕು ಎಂಬುದೇ ಇದರ ಪಾಠ.

‘ಶಾಲ್’ ಪದದ ಮುಂದೆ ಯಾವ ಕ್ರಿಯಾಪದವಿದೆ ಎಂಬುದು ಇನ್ನೂ ಮುಖ್ಯ. 1950ರ ಸಂವಿಧಾನದ 45ನೆಯ ವಿಧಿಯು ಹದಿನಾಲ್ಕು ವರ್ಷ ತುಂಬುವವರೆಗಿನ ಮಕ್ಕಳಿಗೆ ಹತ್ತು ವರ್ಷಗಳೊಳಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯವು ‘ಶಾಲ್ ಎಂಡೆವರ್’, ಅಂದರೆ ‘ಪ್ರಯತ್ನಿಸತಕ್ಕದ್ದು’ ಎಂದಿತ್ತು. ಹತ್ತು ವರ್ಷ ಕಳೆದರೂ ಕೆಲಸ ಮುಗಿಯಲಿಲ್ಲ. 2002ರ ತಿದ್ದುಪಡಿಯಿಂದ ಬಂದು, 2010ರ ಏಪ್ರಿಲ್ 1ರಂದು ಜಾರಿಯಾದ 21ಎ ವಿಧಿಯಲ್ಲಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ರಾಜ್ಯವು ‘ಶಾಲ್ ಪ್ರೊವೈಡ್’, ಅಂದರೆ ‘ಒದಗಿಸತಕ್ಕದ್ದು’ ಎಂದಾಯಿತು. ನಡುವಿನ ‘ಎಂಡೆವರ್’ ಹೋಯಿತು. ಮಕ್ಕಳಿಗೆ ಮೂಲಭೂತ ಹಕ್ಕು ಬಂತು.

5. ರೈತರ ಪ್ರಶ್ನೆಗೆ ಉತ್ತರ

ಈಗ 350ಎ ವಿಧಿಗೆ ಬರೋಣ. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಮದರಾಸು ರಾಜ್ಯದಲ್ಲಿದ್ದ ವಯನಾಡೂ ಕಾಸರಗೋಡೂ ಕೇರಳಕ್ಕೆ ಸೇರಿದವು. ಗಡಿ ಎಲ್ಲಿ ಎಳೆದರೂ ಕೆಲವರ ಮನೆಮಾತು ಆಚೆ ಉಳಿಯುತ್ತದೆ. ಅಂಥವರಿಗಾಗಿ ಅದೇ ವರ್ಷದ ಏಳನೆಯ ತಿದ್ದುಪಡಿಯಿಂದ ಈ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸುವುದು ಪ್ರತಿ ರಾಜ್ಯದ ‘ಪ್ರಯತ್ನವಾಗಿರತಕ್ಕದ್ದು’ ಎಂಬುದು ಅದರ ಮೊದಲ ಭಾಗ. ಅದಕ್ಕಾಗಿ ರಾಷ್ಟ್ರಪತಿಯವರು ರಾಜ್ಯಕ್ಕೆ ಆದೇಶ ‘ನೀಡಬಹುದು’ ಎಂಬುದು ಎರಡನೆಯ ಭಾಗ. ಮೊದಲಿನದರಲ್ಲಿ ‘ಶಾಲ್’, ಎರಡನೆಯದರಲ್ಲಿ ‘ಮೇ’.

ನಾವು ಆ ರೈತರಿಗೆ ಹೇಳಿದ್ದಿಷ್ಟು: “ಕೊಡ್ತಾರೆ ಅಂತಲೂ ಅಲ್ಲ, ಕೊಡಲೇಬೇಕು ಅಂತಲೂ ಅಲ್ಲ. ಕೊಡುವ ಪ್ರಯತ್ನ ಮಾಡಲೇಬೇಕು ಅಂತ. ಆ ಪ್ರಯತ್ನ ಎಲ್ಲಿಯವರೆಗೆ ಬಂತು ಎಂದು ಕೇಳುವ ಹಕ್ಕು ನಿಮಗಿದೆ.”

ಅವರ ಮುಖ ಸ್ವಲ್ಪ ಬಾಡಿತು. “ಕೇಳುವುದಾದರೂ ಯಾವ ಭಾಷೆಯಲ್ಲಿ? ನನಗೆ ಇಂಗ್ಲಿಷ್ ಬಾರದು, ಮಲೆಯಾಳ ಬರೆಯಲಾರೆ,” ಎಂದರು. ಅದಕ್ಕೂ ಉತ್ತರ ಸಂವಿಧಾನದಲ್ಲೇ ಇತ್ತು. 350ನೆಯ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ತನ್ನ ಅಹವಾಲು ಸಲ್ಲಿಸಲು ಪ್ರತಿಯೊಬ್ಬನೂ ಹಕ್ಕುಳ್ಳವನು. ಅಲ್ಲಿರುವುದೂ ‘ಶಾಲ್’, ಅದರ ಮುಂದೆ ‘ಪ್ರಯತ್ನ’ ಎಂಬ ಮಾತಿಲ್ಲ. ಅಂದು ರಾತ್ರಿ ಅವರು ಹೇಳುತ್ತಾ ಹೋದರು, ನಾವು ಕನ್ನಡದಲ್ಲಿ ಬರೆದೆವು. ಕೆಳಗೆ ಅವರೇ ಕನ್ನಡದಲ್ಲಿ ಸಹಿ ಹಾಕಿದರು. ಅರ್ಜಿಗೆ ಉತ್ತರ ಬರುವ ಮೊದಲೇ ನಾವು ಆ ಊರು ಬಿಡಬೇಕಾಯಿತು. ಆದರೆ ಬರೆದ ಅಹವಾಲು ಅವರದೇ ಮಾತಿನಲ್ಲಿತ್ತು ಎಂಬ ಸಮಾಧಾನ ನಮಗಿದೆ.

ವಿದ್ಯಾರ್ಥಿಗಳೇ, ಸಣ್ಣ ಪದವೆಂದು ಯಾವುದನ್ನೂ ಹಾರಿಸಿ ಓದಬೇಡಿ. ಒಂದು ದಿನ ಯಾರಾದರೂ ಅದರ ಮೇಲೆ ಬೆರಳಿಟ್ಟು ನಿಮ್ಮನ್ನು ಕೇಳಬಹುದು.

ಅಭ್ಯಾಸ

ಕನ್ನಡಕ್ಕೆ ಅನುವಾದಿಸಿರಿ:
ಅ) ಶಾಲ್ ಐ ಬ್ರಿಂಗ್ ವಾಟರ್?
ಆ) ಯು ಶಾಲ್ ನಾಟ್ ಪ್ಲಕ್ ದ ಫ್ಲವರ್ಸ್.
ಇ) ದ ಆಫೀಸರ್ ಮೇ ಗ್ರಾಂಟ್ ಲೀವ್.
ಈ) ದ ಆಫೀಸರ್ ಶಾಲ್ ಗ್ರಾಂಟ್ ಲೀವ್.

ಉತ್ತರ: ಅ) ನೀರು ತರಲೇ? ಆ) ನೀವು ಹೂ ಕೀಳಕೂಡದು. ಇ) ಅಧಿಕಾರಿಯು ರಜೆ ಮಂಜೂರು ಮಾಡಬಹುದು. ಈ) ಅಧಿಕಾರಿಯು ರಜೆ ಮಂಜೂರು ಮಾಡತಕ್ಕದ್ದು.