960 ಸ್ಟೆಪ್‌ಗಳ ಪಾಲು

ಸಿ ಲ್ಯಾಬಿನಲ್ಲಿ ಮ್ಯಾಲಾಕ್ ಬರೆದು ನಾವು ಮುಂದೆ ಹೋಗ್ತೀವಿ, ಜಾಗ ಎಲ್ಲಿಂದ ಬಂತು ಅಂತ ಕೇಳೋದೇ ಇಲ್ಲ. 1977ರ ಟಿಐ-59 ಕ್ಯಾಲ್ಕುಲೇಟರಿನಲ್ಲಿ ಆ ಪಾಲನ್ನು ಬಳಸುವವರೇ ಮಾಡಬೇಕಿತ್ತು.

ಅದರ ಒಟ್ಟು ಜಾಗ 960 ಪ್ರೋಗ್ರಾಂ ಸ್ಟೆಪ್. ಒಂದು ಡೇಟಾ ರಿಜಿಸ್ಟರ್ ಬೇಕಂದ್ರೆ 8 ಸ್ಟೆಪ್ ಬಿಟ್ಟುಕೊಡಬೇಕು. ಆನ್ ಮಾಡಿದಾಗ 480 ಸ್ಟೆಪ್, 60 ರಿಜಿಸ್ಟರ್. ಪ್ರೋಗ್ರಾಂ ಒಂದು ತುದಿಯಿಂದ, ರಿಜಿಸ್ಟರ್‌ಗಳು ಇನ್ನೊಂದು ತುದಿಯಿಂದ. ಥೇಟ್ ನಮ್ಮ ಸ್ಟ್ಯಾಕ್, ಹೀಪ್ ಥರ.

9 ಸಮೀಕರಣ ಬಿಡಿಸಬೇಕು ಅಂದುಕೊಳ್ಳೋಣ. ಸಹಗುಣಕಗಳು 81, ಬಲಬದಿಯವು 9. '9 ಆಪ್ 17' ಒತ್ತಿದರೆ 239.89 ಕಾಣುತ್ತೆ: ಕೊನೆಯ ಸ್ಟೆಪ್ 239, ಕೊನೆಯ ರಿಜಿಸ್ಟರ್ 89. ತೊಂಬತ್ತೂ ಭರ್ತಿ! ಲೂಪಿನ ಎಣಿಕೆ ಎಲ್ಲಿಡೋದು? ಪಾಲು ಹತ್ತತ್ತು ರಿಜಿಸ್ಟರಿನ ಲೆಕ್ಕದಲ್ಲೇ ಆಗೋದು. 100 ತಗೊಂಡ್ರೆ ಪ್ರೋಗ್ರಾಮಿಗೆ ಬರೀ 160 ಸ್ಟೆಪ್ ಉಳಿಯುತ್ತೆ.

ಇಲ್ಲಿ ಗೆರೆ ಸರಿಸೋದಕ್ಕಿಂತ ಡೇಟಾ ನೋಡೋದು ಮೇಲು. ಸಿವಿಲ್‌ನವರ ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್ ಸಾಮಾನ್ಯವಾಗಿ ಸಮ್ಮಿತ. ಕರ್ಣ ಮತ್ತು ಅದರ ಕೆಳಗಿನ ಅರ್ಧ ಇಟ್ಟರೆ ಸಾಕು. 45 ಕೂಡಿಸು 9, ಒಟ್ಟು 54. ಮೊದಲಿನ 60ರಲ್ಲೇ ಹಿಡಿಸಿ ಇನ್ನೂ 6 ಮಿಗುತ್ತೆ. ಸಾಲು ಐ, ಕಂಬ ಜೆ ಎಲ್ಲಿದೆ ಅಂತ ಹುಡುಕೋಕೆ ಒಂದಿಷ್ಟು ಸ್ಟೆಪ್ ಹೆಚ್ಚು ಖರ್ಚಾಗುತ್ತೆ, ನಿಜ. ಆದ್ರೆ ಖರ್ಚು ಮಾಡೋಕೆ ಈಗ 480 ಇದೆಯಲ್ಲ.