ಮೈತುಂಬಿದ ಮಗು, ಕೊಬ್ಬು ತುಂಬಿದ ಯಕೃತ್ತು

ಬರ ಕಂಡ ವಿಜಯಪುರದ ಸೀಮೆಯಲ್ಲಿ ಮೈತುಂಬಿಕೊಂಡ ಮಗುವನ್ನು ನೋಡಿ ಹಿರಿಯರು ಸಮಾಧಾನಪಡುವುದು ಸಹಜ. ಆದರೆ ಮಗುವಿನ ಸೊಂಟದ ಸುತ್ತಳತೆ ಎತ್ತರದ ಅರ್ಧವನ್ನು ಮೀರಿದ್ದರೆ, ಕತ್ತಿನ ಹಿಂಭಾಗ ಎಷ್ಟು ತಿಕ್ಕಿದರೂ ಕಪ್ಪಾಗಿ ದಪ್ಪಗೇ ಉಳಿದಿದ್ದರೆ ಗಮನಿಸಿ. ಅದು ಕೊಳೆಯಲ್ಲ, ರಕ್ತದಲ್ಲಿ ಇನ್ಸುಲಿನ್ ಏರಿರುವ ಗುರುತಾಗಿರಬಹುದು.

ಇದಕ್ಕೂ ಯಕೃತ್ತಿಗೂ, ಅಂದರೆ ಲಿವರ್‌ಗೂ, ನಂಟಿದೆ. ಉಂಡ ಸಕ್ಕರೆಯಲ್ಲಿ ಒಂದು ಪಾಲನ್ನು ಯಕೃತ್ತು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಈ ಹಗೇವು ತುಂಬಿದ ಮೇಲೆ ಮಿಕ್ಕಿದ್ದು ಕೊಬ್ಬಾಗುತ್ತದೆ. ತಂಪು ಪಾನೀಯದಲ್ಲಿರುವ ಫ್ರುಕ್ಟೋಸ್ ಸಕ್ಕರೆಯ ಬಹುಪಾಲು ಯಕೃತ್ತಿಗೇ ಹೋಗುವುದರಿಂದ ಇನ್ನೂ ಸುಲಭವಾಗಿ ಕೊಬ್ಬಾಗುತ್ತದೆ. ಯಕೃತ್ತಿನಲ್ಲಿ ಕೊಬ್ಬು ಶೇ 5 ದಾಟಿದರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತಾರೆ.

ಆಗ ಯಕೃತ್ತು ತಯಾರಿಸುವ ಪ್ರೊಟೀನ್‌ಗಳೂ ಬದಲಾಗುತ್ತವೆ. ಇನ್ಸುಲಿನ್ ಕೆಲಸಕ್ಕೆ ಅಡ್ಡಬರುವ ಫೆಟುಯಿನ್-ಎ ಹೆಚ್ಚುತ್ತದೆ. ಉರಿಯೂತ ಸೂಚಿಸುವ ಸಿಆರ್‌ಪಿ ಏರುತ್ತದೆ. ಇನ್ಸುಲಿನ್‌ಗೆ ಸ್ಪಂದಿಸದ ಯಕೃತ್ತು ಹೊಟ್ಟೆ ಖಾಲಿ ಇದ್ದಾಗಲೂ ರಕ್ತಕ್ಕೆ ಸಕ್ಕರೆ ಸುರಿಯುತ್ತದೆ. ಇದೇ ಟೈಪ್ 2 ಮಧುಮೇಹದ ದಾರಿ. ಯಕೃತ್ತಿನ ಕೋಶಗಳಿಗೆ ಪೆಟ್ಟಾದರೆ ಎಎಲ್‌ಟಿ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ಲ್ಯಾಬ್ ವರದಿಯಲ್ಲಿ ಅದರ ಮಿತಿ 40ರ ಆಸುಪಾಸು ಇರಬಹುದು. ಮಕ್ಕಳಿಗೆ ತಜ್ಞರು ಹೇಳುವ ಮಿತಿ ಬಾಲಕರಲ್ಲಿ 26, ಬಾಲಕಿಯರಲ್ಲಿ 22. ಎಎಲ್‌ಟಿ ಸರಿಯಿದ್ದ ಮಾತ್ರಕ್ಕೆ ಕೊಬ್ಬಿಲ್ಲವೆಂದೂ ಅಲ್ಲ.

‘ಇವನಿಗೆ ಬಾಯಿಚಪಲ’ ಎನ್ನುವ ಮುನ್ನ ಅಭ್ಯಾಸದ ಬೇರು ನೋಡಿ. ಅತ್ತಾಗ ಬಿಸ್ಕತ್ತು, ಗೆದ್ದಾಗ ಚಾಕೊಲೇಟ್ ಕೊಟ್ಟರೆ ಮಗು ಹಸಿವಿಗಲ್ಲ, ಬೇಸರಕ್ಕೆ ತಿನ್ನಲು ಕಲಿಯುತ್ತದೆ. ಮೊಬೈಲ್ ನೋಡುತ್ತ ಉಣ್ಣುವಾಗ ಹೊಟ್ಟೆ ತುಂಬಿದ್ದೇ ತಿಳಿಯುವುದಿಲ್ಲ. ಕೊಡುವ ಪ್ರೀತಿಯಲ್ಲಿ ತಪ್ಪಿಲ್ಲ, ಕೊಡುವ ರೀತಿ ಬದಲಾಗಬೇಕು.

ಬೆಳೆಯುವ ಮಗುವನ್ನು ಉಪವಾಸ ಕೆಡವಬೇಡಿ. ಎಷ್ಟೋ ಮಕ್ಕಳಲ್ಲಿ ತೂಕ ಏರದಂತೆ ನೋಡಿಕೊಂಡರೆ ಸಾಕು, ಎತ್ತರ ಬೆಳೆದಂತೆ ಅದು ಹೊಂದಿಕೊಳ್ಳುತ್ತದೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಮಜ್ಜಿಗೆ ಮನೆಮಂದಿಗೆಲ್ಲ ಒಂದೇ ಊಟವಾಗಲಿ. ತಿಕೋಟಾ, ಬಬಲೇಶ್ವರದ ದ್ರಾಕ್ಷಿಯನ್ನು ಮಿತವಾಗಿ ಹಣ್ಣಾಗಿಯೇ ತಿನ್ನಲಿ. ಒಣದ್ರಾಕ್ಷಿಯ 100 ಗ್ರಾಂನಲ್ಲಿ ಸುಮಾರು 60 ಗ್ರಾಂ ಸಕ್ಕರೆಯೇ ಇರುವುದರಿಂದ ನಾಲ್ಕಾರು ಕಾಳು ಸಾಕು, ಮುಷ್ಟಿಗಟ್ಟಲೆ ಬೇಡ. ದಿನಕ್ಕೆ 60 ನಿಮಿಷ ಮೈ ಬೆವರುವ ಆಟವಿರಲಿ.

ತೂಕ ಹೆಚ್ಚಿರುವ ಮಗುವಿಗೆ 9 ವರ್ಷ ತುಂಬಿದ್ದರೆ ಎಎಲ್‌ಟಿ ಮತ್ತು ಸಕ್ಕರೆ ಪರೀಕ್ಷೆಯ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ. ‘ಲಿವರ್ ಟಾನಿಕ್’ ಅನ್ನು ನೀವಾಗಿಯೇ ಕುಡಿಸಬೇಡಿ. ಈ ವಯಸ್ಸಿನಲ್ಲಿ ಹಿಡಿದರೆ ಯಕೃತ್ತಿನ ಕೊಬ್ಬು ಊಟ, ಆಟಗಳಿಂದಲೇ ಕರಗಬಲ್ಲದು.