24 ತಾಸಿನ ಕ್ಯಾನು: ದಾಂಡೇಲಿ ಕಡೆಯ ಕೆಲವು ಪಾಠ

ಮೂತ್ರದಲ್ಲಿ ತಾಮ್ರ ಎಷ್ಟಿದೆಯೆಂದು ನೋಡುವ ಪರೀಕ್ಷೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಲ್ಯಾಬುಗಳಿಗೆ ಅಪರೂಪದ ಅತಿಥಿ. ಬಂದರೆ ಬಹುತೇಕ, ತಾಮ್ರ ಹೊರಹೋಗದೆ ದೇಹದಲ್ಲೇ ಉಳಿಯುವ ವಿಲ್ಸನ್ ಕಾಯಿಲೆಯ ಅನುಮಾನದ ಮೇಲೆಯೇ: ಮಕ್ಕಳಲ್ಲಿ ಕಾರಣ ಸಿಗದ ಕಾಮಾಲೆ, ಹರೆಯದವರಲ್ಲಿ ಕೈನಡುಕ, ತೊದಲು ಮಾತು, ಕೆಡುತ್ತ ಹೋಗುವ ಅಕ್ಷರ. ನಾವು ಮಾದರಿ ಹಿಡಿದು ದೊಡ್ಡ ಊರಿನ ಲ್ಯಾಬಿಗೆ ಕಳಿಸುವವರು. ಆದರೂ ವರದಿ ಸರಿ ಬರುವುದೋ ಇಲ್ಲವೋ ಎಂಬುದು ಅಲ್ಲಿನ ಯಂತ್ರಕ್ಕಿಂತ ರೋಗಿಯ ಬಚ್ಚಲಮನೆಯಲ್ಲೇ ಹೆಚ್ಚು ತೀರ್ಮಾನವಾಗುತ್ತದೆ.

1. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರ ಚೆಲ್ಲಬೇಕು. ಗಡಿಯಾರ ಶುರುವಾಗುವುದು ಆಮೇಲೆ. ಅಲ್ಲಿಂದ 24 ತಾಸು ಹೋಗುವ ಎಲ್ಲ ಮೂತ್ರವೂ, ಮರುದಿನ ಅದೇ ಹೊತ್ತಿನದೂ ಸೇರಿ, ಕ್ಯಾನಿಗೇ ಹೋಗಬೇಕು. ಎಷ್ಟು ಹೇಳಿದರೂ ತಿರುವುಮುರುವಾಗುವುದು ಇದೇ. “ಅವ್ವಾ, ನಾ ಹೇಳಿದ್ದು ಈಗ ನೀವು ಹೇಳಿ ನೋಡೋಣ” ಎಂದು ಕೇಳಿ, ಅವರ ಬಾಯಿಂದ ಸರಿ ಬಂದ ಮೇಲೆಯೇ ಕ್ಯಾನು ಕೊಡುತ್ತೇನೆ. ಜೋಯಿಡಾದ ಒಳಹಳ್ಳಿಯವರಿಗೆ ಕೊಂಕಣಿಯಲ್ಲಿ, ಮುಂಡಗೋಡದ ಟಿಬೆಟನ್ ಕ್ಯಾಂಪಿನ ಹಿರಿಯರಿಗೆ ಅವರ ಮನೆಯ ಹುಡುಗರ ಮೂಲಕ.

2. ಲೋಹ ಮುಟ್ಟಿಸಬಾರದು. ಲ್ಯಾಬು ಕೊಟ್ಟ ಪ್ಲಾಸ್ಟಿಕ್ ಕ್ಯಾನು, ಹಿಡಿಯಲು ಹೊಸ ಪ್ಲಾಸ್ಟಿಕ್ ಮಗ್, ಅಷ್ಟೇ. ಒಮ್ಮೆ ಒಬ್ಬ ಅಜ್ಜಿ ಮೊಮ್ಮಗನ ಮೂತ್ರವನ್ನು ತಂಬಿಗೆಯಲ್ಲಿ ಹಿಡಿದು ಕ್ಯಾನಿಗೆ ಸುರಿದಿದ್ದರು. ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದ ತಾಮ್ರದ ತಂಬಿಗೆ! ಅಜ್ಜಿಯ ಶುಚಿತ್ವಕ್ಕೆ ಕೈ ಮುಗಿದು ಮಾದರಿ ಚೆಲ್ಲಿಸಿದೆ. ಕೆಲವು ಲ್ಯಾಬಿನವರು ಕ್ಯಾನಿನಲ್ಲಿ ಮೊದಲೇ ಆಸಿಡ್ ಹಾಕಿರುತ್ತಾರೆ. ನೇರ ಅದರೊಳಗೆ ಮೂತ್ರ ಮಾಡಬಾರದು, ಮಕ್ಕಳ ಕೈಗೂ ಸಿಗಬಾರದು.

3. ಮನೆಯಲ್ಲೇ ಇರುವ ದಿನ ಆರಿಸಿ. ಮಿಲ್ಲಿನ ಪಾಳಿಯ ದಿನ, ಕಬ್ಬು ಕಡಿಯುವ ದಿನ ಬೇಡ. ಒಮ್ಮೆ ಹೊರಗೆ ಹೋಗಿ ಬಂದರೂ ಲೆಕ್ಕ ತಪ್ಪುತ್ತದೆ. ಅದೇ ಮಾದರಿಯಲ್ಲಿ ಕ್ರಿಯಾಟಿನಿನ್ ಕೂಡ ನೋಡಿಸಿದರೆ ಸಂಗ್ರಹ ಅರೆಬರೆಯಾಗಿದೆಯೇ ಎಂಬುದು ಸುಮಾರಾಗಿ ತಿಳಿಯುತ್ತದೆ.

4. ಇಂಥ ರೋಗಿಗಳು ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಿ ಮೆದುಳಿನ ಎಂಆರ್‌ಐ ಮಾಡಿಸಿಕೊಂಡು ಬಂದಿರುತ್ತಾರೆ. ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟಿದ್ದರೆ ಲೋಹದ ಪರೀಕ್ಷೆ ಏರುಪೇರಾಗಬಹುದು. ನಾಲ್ಕು ದಿನ ತಡೆಯಿರಿ.

5. ಒಟ್ಟು ಮೂತ್ರ ಎಷ್ಟು ಮಿಲಿ ಎಂದು ಅಳೆದು ಬರೆಯದೆ ಕಳಿಸಿದರೆ ಎಲ್ಲವೂ ವ್ಯರ್ಥ. ಲೀಟರಿಗೆ 80 ಮೈಕ್ರೋಗ್ರಾಂ ಎಂದು ಬಂತೆನ್ನಿ. ದಿನಕ್ಕೆ ಒಂದೂವರೆ ಲೀಟರ್ ಹೋದವರಿಗೆ ಅದು 120 ಮೈಕ್ರೋಗ್ರಾಂ. 600 ಮಿಲಿ ಹೋದ ಮಗುವಿಗೆ 48. ಚೆನ್ನಾಗಿ ಕುಲುಕಿ, ಅಳೆದು, ಆಮೇಲೆ ಸಣ್ಣ ಬಾಟಲಿಗೆ ತುಂಬಿ.

6. ರೋಗದ ಲಕ್ಷಣ ಇರುವವರಲ್ಲಿ ದಿನಕ್ಕೆ 100 ಮೈಕ್ರೋಗ್ರಾಂ ದಾಟಿದರೆ ವಿಲ್ಸನ್ ಅನುಮಾನ ಬಲವಾಗುತ್ತದೆ. ಮಕ್ಕಳಲ್ಲಿ 40 ದಾಟಿದರೂ ವೈದ್ಯರು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಬೇರೆ ಯಕೃತ್ತಿನ ಕಾಯಿಲೆಗಳಲ್ಲೂ ಅಂಕಿ ಏರುತ್ತದೆ. ಅದಕ್ಕೇ ರಕ್ತದ ಸೆರುಲೋಪ್ಲಾಸ್ಮಿನ್, ಕಣ್ಣಿನ ಕಪ್ಪುಗುಡ್ಡೆಯ ಅಂಚಿನ ಕಂದು ಉಂಗುರಕ್ಕಾಗಿ ಸ್ಲಿಟ್ ಲ್ಯಾಂಪ್ ತಪಾಸಣೆ ಜತೆಗಿರಬೇಕು. ಈ ಕಾಯಿಲೆಗೆ ಪೆನಿಸಿಲಮೈನ್ ಮಾತ್ರೆ ನುಂಗುತ್ತಿರುವವರ ಮೂತ್ರದಲ್ಲಿ ತಾಮ್ರ ಹೆಚ್ಚೇ ಇರಬೇಕು. ಅದು ಔಷಧ ಕೆಲಸ ಮಾಡುತ್ತಿರುವ ಗುರುತು. ಚೀಟಿಯಲ್ಲಿ ಮಾತ್ರೆಯ ಹೆಸರು ಬರೆಯದಿದ್ದರೆ ವರದಿ ನೋಡಿದವರು ಗಾಬರಿಯಾಗುತ್ತಾರೆ.

7. “ತಾಮ್ರದ ಕೊಡದ ನೀರು ಕುಡಿದದ್ದಕ್ಕೆ ಹಿಂಗಾಯ್ತೇನ್ರಿ?” ಎಂದು ಎಲ್ಲರೂ ಕೇಳುತ್ತಾರೆ. ಅಲ್ಲ. ಎಟಿಪಿ7ಬಿ ಎಂಬ ಜೀನ್ ಕೆಟ್ಟು, ಯಕೃತ್ತು ಹೆಚ್ಚಾದ ತಾಮ್ರವನ್ನು ಪಿತ್ತದೊಡನೆ ಹೊರಹಾಕಲಾಗದೆ ಬರುವ ಕಾಯಿಲೆ ಇದು. ಕಾಯಿಲೆ ಖಚಿತವಾದ ಮೇಲೆ ಮಾತ್ರ ಕೊಡ ಅಟ್ಟಕ್ಕೇರಲಿ; ಲಿವರ್, ಸಿಗಡಿ, ಏಡಿ, ಗೋಡಂಬಿಗಳಿಗೂ ಕಡಿವಾಣ.

8. ಒಬ್ಬರಿಗೆ ಖಚಿತವಾದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವ ಇದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ಕಡೆ ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು. ಲಕ್ಷಣ ಕಾಣುವ ಮೊದಲೇ ಮಾತ್ರೆ ಶುರುವಾದರೆ ಯಕೃತ್ತು, ಮೆದುಳು ಎರಡೂ ಉಳಿಯುತ್ತವೆ. ಅಣ್ಣನ ವರದಿ ಒಯ್ಯಲು ಬರುವಾಗ, ಚೆನ್ನಾಗಿಯೇ ಓಡಾಡಿಕೊಂಡಿರುವ ತಮ್ಮ ತಂಗಿಯರನ್ನೂ ಕರೆದುಕೊಂಡು ಬನ್ನಿ.